ಕೊಟ್ಟು ಕಸಿಯುವ ವ್ಯಾಪಾರ

ಕುಂದಗೋಳ ತಾಲ್ಲೂಕಿನ ಗುಡಗೇರಿಯಲ್ಲಿ ಸಿಕ್ಕ ಜೈನ ಶಾಸನವೊಂದರ ಕಾಲ ಶಕ 998, ಅಂದರೆ ಕ್ರಿ.ಶ. 1076. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿ ಕಟ್ಟಿಸಿದ್ದಳು. ಆ ಬಸದಿಗೆ ಗುಡಗೇರಿಯಲ್ಲಿ ಹೊಲಗಳಿದ್ದವು. ಸುಮಾರು ಮುನ್ನೂರೈವತ್ತು ವರ್ಷಗಳ ಮೇಲೆ ಜೈನ ಗುರು ಶ್ರೀನಂದಿ ಪಂಡಿತರು ತಾಮ್ರಶಾಸನದ ಆಧಾರದಿಂದ ಆ ಹೊಲಗಳನ್ನು ವಶಕ್ಕೆ ಪಡೆದರೆಂದು ಕಲ್ಲು ಹೇಳುತ್ತದೆ. ನಡುವೆ ರಾಷ್ಟ್ರಕೂಟರು ಬಂದು ಹೋಗಿದ್ದರು, ಹಕ್ಕು ಮಾತ್ರ ಉಳಿದಿತ್ತು.

ನಮ್ಮ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ. ದಾನದ ಭೂಮಿಯನ್ನು ಕಸಿದವನು, ಅದು ತಾನೇ ಕೊಟ್ಟದ್ದಾಗಿದ್ದರೂ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಕೊಟ್ಟವನ ಕೈಯನ್ನೂ ಕಟ್ಟಿಹಾಕುವ ಮಾತು ಅದು.

ಇಂದು ದುಡ್ಡು ಕೊಟ್ಟು ಪಡೆಯುವ ವಿಡಿಯೊ ಗೇಮ್‌ಗೆ ಅಂಥ ರಕ್ಷೆಯಿಲ್ಲ. 1990ರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್‌ಗಳಲ್ಲಿ ಬಹುಪಾಲು ನಕಲಿಯೇ. ಆದರೂ ಅವು ಕೊಂಡವನ ಸ್ವತ್ತು: ಓಣಿಯ ಗೆಳೆಯನಿಗೆ ಎರಡು ದಿನಕ್ಕೆ ಕೊಡಬಹುದಿತ್ತು, ಬೇಸರವಾದರೆ ಅರ್ಧ ಬೆಲೆಗೆ ಮಾರಬಹುದಿತ್ತು. 2004ರಲ್ಲಿ ಬಂದ ‘ಹಾಫ್-ಲೈಫ್ 2’ ಈ ಪದ್ಧತಿ ಮುರಿಯಿತು. ಡಿಸ್ಕ್ ಕೈಯಲ್ಲಿದ್ದರೂ ಆನ್‌ಲೈನ್ ಆಟದಂಗಡಿ ‘ಸ್ಟೀಮ್’ನಲ್ಲಿ ಖಾತೆಯಿಲ್ಲದೆ ಆಟ ತೆರೆಯುತ್ತಿರಲಿಲ್ಲ.

ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ತೋರಿಸಿತು. 2014ರಲ್ಲಿ ಬಂದ ಈ ಕಾರ್ ರೇಸ್ ಆಟದ ಸರ್ವರ್‌ಗಳನ್ನು ಕಂಪನಿ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಒಬ್ಬರೇ ಆಡುವವರಿಗೂ ಸರ್ವರ್ ಬೇಕಿದ್ದರಿಂದ ಇಡೀ ಆಟ ಸತ್ತಿತು. ಕೊಂಡವರ ಪರವಾನಗಿಯೂ ಮುಂದಿನ ತಿಂಗಳು ರದ್ದಾಯಿತು.

ಕರ್ನಾಟಕದ ಹಳ್ಳಿಗಳಿಗೆ ಇದರ ಬಿಸಿ ತಟ್ಟಿದ್ದು ಮೊಬೈಲ್ ಆಟ ಪಬ್‌ಜಿಯಿಂದ. ಕಾರಣ ಬೇರೆ, ಸರ್ಕಾರದ ನಿಷೇಧ, ಪಾಠ ಒಂದೇ. 2020ರ ಸೆಪ್ಟೆಂಬರ್ 2ರಂದು ನಿಷೇಧ ಬಂತು, ಅಕ್ಟೋಬರ್ 30ಕ್ಕೆ ಸೇವೆ ನಿಂತಿತು. ಹುಡುಗರು ದುಡ್ಡು ಸುರಿದು ಕೊಂಡಿದ್ದ ವೇಷ, ಬಂದೂಕಿನ ಬಣ್ಣಗಳಿಗೆ ಬಾಗಿಲು ಮುಚ್ಚಿತು. ಬದಲಿಗೆ ಬಂದ ಬಿಜಿಎಂಐ ಕೂಡ 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಗಿ, ಮರಳಿದ್ದು 2023ರ ಮೇ ತಿಂಗಳಲ್ಲಿ. ಇಂಥ ಹೊತ್ತಿನಲ್ಲೇ, ಅಂಗಡಿಯ ಹಂಗಿಲ್ಲದೆ ಆ್ಯಪ್ ಹಾಕಿಕೊಳ್ಳುವ ಎಪಿಕೆ ಫೈಲುಗಳು ಫೋನಿನಿಂದ ಫೋನಿಗೆ ಹರಿದಾಡುತ್ತವೆ.

ನಕಲು ಪ್ರತಿಗಳ ಹಾವಳಿಗೆ, ಅಂದರೆ ಪೈರಸಿಗೆ, ಬಡತನವೂ ಒಂದು ಕಾರಣ, ನಿಜ. ಸ್ಟೀಮ್ ರೂಪಾಯಿಯಲ್ಲಿ ಬೆಲೆ ಹಾಕಿದ್ದೇ 2015ರಲ್ಲಿ. ಅಲ್ಲಿಯವರೆಗೆ ಡಾಲರ್ ಲೆಕ್ಕ, ಕಾರ್ಡಿನ ಗೋಜು. ಆದರೆ ದುಡ್ಡು ಕೊಟ್ಟವನ ಪ್ರತಿಗಿಂತ ಕದ್ದವನ ಪ್ರತಿ ಹೆಚ್ಚು ಕಾಲ ಬಾಳುವುದಾದರೆ ಪ್ರಾಮಾಣಿಕನಿಗೆ ಉಳಿಯುವುದೇನು? ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು.

ನಕಲು ಮಾಡುವವನ ಮೇಲೆ ನಮ್ಮ ಕಾನೂನು ಬಿಗಿಯಾಗಿದೆ. ನಕಲಿ ಸಾಫ್ಟ್‌ವೇರ್ ಎಂದು ತಿಳಿದೂ ಬಳಸಿದರೆ ಮೂರು ವರ್ಷದವರೆಗೆ ಜೈಲು. 2014ರಲ್ಲಿ ಕರ್ನಾಟಕ ಲಾಭಕ್ಕಾಗಿ ನಕಲು ಮಾಡುವವರನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೂ ತಂದಿತು. ಮಾರಿದ್ದನ್ನು ಹಿಂಪಡೆಯುವವನನ್ನೂ ಕಾನೂನು ಪ್ರಶ್ನಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಖರೀದಿ’ ಎಂಬ ಗುಂಡಿ ಇಡುವಂತಿಲ್ಲ. ಆ ಒಂದು ಸಾಲನ್ನಾದರೂ ನಮ್ಮ ಶಾಸಕರು, ಸಂಸದರು ಇಲ್ಲಿಗೆ ತರಲಿ.