ಬಾಟ್ಲಿಯೊಳಗಿನ ಉಪ್ಪುನೀರು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ. ವೈರಸ್ಸಿಗೆ ಆ ಕಾಡಿನ ಹೆಸರೇ ಬಿತ್ತು. ನಮಗೆ ಅದು ಮಂಗನ ಕಾಯಿಲೆ. ಉಣುಗುಗಳ ಮೂಲಕ ಸಾಗರ, ಹೊಸನಗರ, ತೀರ್ಥಹಳ್ಳಿಗೂ ಹಬ್ಬಿತು.

ಈ ವೈರಸ್ಸನ್ನೇ ಕೊಲ್ಲೋ ಔಷಧಿ ಇವತ್ತಿಗೂ ಇಲ್ಲ. ಮತ್ತೆ ಆಸ್ಪತ್ರೇಲಿ ಮಾಡೋದೇನು? ಜ್ವರ, ವಾಂತಿ, ಭೇದಿಯಲ್ಲಿ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗುತ್ತೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತೆ. ಹೋಗಿದ್ದನ್ನ ಅಳೆದು, ರಕ್ತನಾಳದ ಮೂಲಕ ತುಂಬ್ತಾ, ದೇಹ ತಾನೇ ಗೆಲ್ಲೋವರೆಗೆ ಕಾಯ್ತಾರೆ.

ಊರಲ್ಲಿ ಇದಕ್ಕೆ 'ಗ್ಲೂಕೋಸ್ ಹಾಕ್ಸೋದು' ಅಂತೀವಿ, ಶಕ್ತಿ ಬರುತ್ತೆ ಅಂತ. ನಾರ್ಮಲ್ ಸಲೈನ್ ಆದ್ರೆ ಅದರಲ್ಲಿ ಸಕ್ಕರೆಯೇ ಇರಲ್ಲ; ಲೀಟರಿಗೆ 9 ಗ್ರಾಂ ಉಪ್ಪು, ಅಷ್ಟೆ!

ಉಪಾಯ 1832ರದ್ದು. ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯ ಕಾಲರಾ ಹಿಡಿದ ಮುದುಕಿಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. ಸಾಯೋ ಸ್ಥಿತಿಯಲ್ಲಿದ್ದವಳು ಚೇತರಿಸಿಕೊಂಡಳು. ಲಟ್ಟಾ ಹೊರಟ ಮೇಲೆ ಮತ್ತೆ ವಾಂತಿ, ಭೇದಿ. ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನೀರು ಕೊಟ್ಟರಷ್ಟೇ ಸಾಲದು, ಪಕ್ಕದಲ್ಲಿ ಕೂತು ನೋಡ್ತಾ ಇರಬೇಕು.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಮತ್ತೆ ಎದ್ದಾಗ ಎಷ್ಟೋ ಜನರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ದರು.