ತೋರ, ಸಪೂರ, ಬೊಜ್ಜು

ಮಂಗಳೂರಿನಲ್ಲಿ ಮನುಷ್ಯರು ಎರಡೇ ಬಗೆ: ತೋರ ಆದವರು ಮತ್ತು ಸಪೂರ ಆದವರು. ‘ನೀವು ಮೊದಲಿದ್ದ ಹಾಗೆಯೇ ಇದ್ದೀರಿ’ ಎಂದು ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಮದುವೆ ಹಾಲಿನ ಊಟದ ಸಾಲಿನಲ್ಲಿ, ಕಂಕನಾಡಿ ಮಾರ್ಕೆಟಿನಲ್ಲಿ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಎದುರಾದರೆ ಮೊದಲು ಆಗುವುದು ತಪಾಸಣೆ. ತೋರ ಕಂಡರೆ ‘ಹೊಟ್ಟೆ ಬಂತಲ್ಲ ಮಾರಾಯ್ರೆ!’ ಸಪೂರ ಕಂಡರೆ ‘ಎಂತ, ಶುಗರ್ ಉಂಟಾ?’ ಕೇಳಿದವರಿಗೆ ಉತ್ತರವೇನೂ ಬೇಕಿಲ್ಲ, ಅದು ಬರೀ ಕುಶಲೋಪರಿ. ಕೇಳಿಸಿಕೊಂಡವರು ಮಾತ್ರ ಮನೆಗೆ ಹೋಗಿ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ.

ಈ ಜೋಡಿಯ ನಡುವೆ ಪತ್ರಿಕೆ, ಟಿವಿ, ಜಿಮ್ಮಿನ ಫ್ಲೆಕ್ಸುಗಳ ದಾರಿಯಿಂದ ಬಂದು ಕೂತ ಪದ ಬೊಜ್ಜು. ತುಳುವರ ಕಿವಿಗೆ ಅದು ತುಸು ತಮಾಷೆಯ ಪದ. ತುಳುವಿನಲ್ಲಿ ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ‘ನಿನ್ನೆ ಬೊಜ್ಜಕ್ಕೆ ಹೋಗಿದ್ದೆ’ ಎಂದವರನ್ನು ಘಟ್ಟದ ಮೇಲಿನವರು ‘ಯಾವ ಜಿಮ್ಮಿಗೆ?’ ಎಂದು ಕೇಳಿದರೆ ತಪ್ಪು ಹುಡುಕಬಾರದು. ಬೊಜ್ಜಿನ ಹತ್ತಿರದ ನೆಂಟಸ್ತಿಕೆ ಇರುವುದು ತೆಲುಗಿನಲ್ಲಿ. ಅಲ್ಲಿ ಬೊಜ್ಜ ಎಂದರೆ ಡೊಳ್ಳುಹೊಟ್ಟೆ, ಮಕ್ಕಳ ಬಾಯಲ್ಲಿ ಗಣಪತಿ ‘ಬೊಜ್ಜ ಗಣಪಯ್ಯ’. ಕನ್ನಡದ ಬೊಜ್ಜಿನಲ್ಲೂ ಬಹುಕಾಲ ಈ ಮುದ್ದು, ಈ ನಗೆ ಇತ್ತು. ಗಣಪನಿಗೆ ಬೊಜ್ಜು, ನಾಟಕದ ಸಾಹುಕಾರನಿಗೆ ಬೊಜ್ಜು, ವ್ಯಂಗ್ಯಚಿತ್ರದ ಪೊಲೀಸಪ್ಪನಿಗೆ ಬೊಜ್ಜು. ಉಂಡು ಸುಖವಾಗಿರುವವರ ಗುರುತು ಅದು.

ಅದರ ಅಣ್ಣತಮ್ಮಂದಿರ ಸ್ವಭಾವ ಬೇರೆ ಬೇರೆ. ಹೊಟ್ಟೆ ಉದಾರಿ: ಹೊಟ್ಟೆಪಾಡು, ಹೊಟ್ಟೆಕಿಚ್ಚು ಎರಡನ್ನೂ ತಾನೇ ಹೊರುತ್ತದೆ, ಪರರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕೊಬ್ಬು ಜಗಳಗಂಟ. ‘ಅವನಿಗೆ ಕೊಬ್ಬು’ ಎಂದರೆ ಯಾರೂ ತೂಕದ ವಿಷಯ ಎಂದುಕೊಳ್ಳುವುದಿಲ್ಲ. ಬೂತಾಯಿ ಮೀನಿಗೆ ಕೊಬ್ಬು ಬಂದರೆ ರುಚಿ, ಮನುಷ್ಯನಿಗೆ ಬಂದರೆ ಬಯ್ಗುಳ. ಬಸಿರು ಎಂಬ ಪದಕ್ಕೆ ಹಳಗನ್ನಡದಲ್ಲಿ ಹೊಟ್ಟೆ ಎಂದೇ ಅರ್ಥವಿತ್ತು. ತಮಿಳಿನ ವಯಿರು ಅದರ ಬಳಗದ್ದೇ. ಈಗ ಅದು ಗರ್ಭಕ್ಕಷ್ಟೇ ಉಳಿದಿದೆ. ತುಳುವಿನಲ್ಲಿ ಹೊಟ್ಟೆ ಎಂದರೆ ಬಂಜಿ, ಗರ್ಭಿಣಿ ಎಂದರೆ ಬಂಜಿನಾಳ್. ಭಾಷೆ ಕಟ್ಟಿದ ಈ ಗಂಟಿನ ದಂಡವನ್ನು ಹೆಂಗಸರು ಇಂದಿಗೂ ತೆರುತ್ತಿದ್ದಾರೆ. ಹೆರಿಗೆಯಾಗಿ ವರ್ಷ ಕಳೆದವರಿಗೂ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೊಬ್ಬು ಸೊಂಟದಿಂದ ಹೊಟ್ಟೆಗೆ ಜರುಗುತ್ತಿರುವವರಿಗೂ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಪ್ರಶ್ನೆ ಬರುತ್ತದೆ: ‘ಎಷ್ಟು ತಿಂಗಳು?’

ಇತ್ತೀಚೆಗೆ ಬೊಜ್ಜು ಹೊಟ್ಟೆಯನ್ನು ಬಿಟ್ಟು ಇಡೀ ಮೈಗೆ ಹಬ್ಬಿದೆ. ಸ್ಥೂಲಕಾಯ ಎಂಬ ಭಾರದ ಸಂಸ್ಕೃತವನ್ನು ಹೊರಲಾರದ ಸುದ್ದಿಮನೆಗಳು ಆ ಕಾಯಿಲೆಗೂ ಬೊಜ್ಜು ಎಂದೇ ಬರೆಯತೊಡಗಿದವು. ಪದಕ್ಕೆ ಬಡ್ತಿ ಸಿಕ್ಕಿತು, ಹಳೆಯ ನಗೆ ಮಾತ್ರ ಹೋಗಲಿಲ್ಲ. ಸಕ್ಕರೆ ಕಾಯಿಲೆಗೆ ನಗದವರು ಬೊಜ್ಜಿಗೆ ನಗುತ್ತಾರೆ. ಕಾಯಿಲೆಯ ಹೆದರಿಕೆ, ಹಾಸ್ಯದ ಅವಮಾನ ಎರಡನ್ನೂ ಒಂದೇ ಪದದಲ್ಲಿ ನುಂಗಬೇಕಾದ ಸ್ಥಿತಿ ಕಾಲೇಜಿನ ಹುಡುಗ ಹುಡುಗಿಯರದು.

ಅದು ಬೆರಳೆಣಿಕೆಯವರ ಪಾಡೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ ಟೇಪು ಹಿಡಿದು ಸೊಂಟ, ನಿತಂಬಗಳ ಸುತ್ತಳತೆ ತೆಗೆಯಿತು. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57, ಪುರುಷರಲ್ಲಿ ಶೇ 48 ಮಂದಿಯಲ್ಲಿ ಈ ಎರಡು ಅಳತೆಗಳ ಅನುಪಾತ ಅಪಾಯದ ಗೆರೆ ದಾಟಿತ್ತು.

ಬೊಜ್ಜು ಎಂಬುದು ಕಣ್ಣಿಗೆ ಕಂಡದ್ದಕ್ಕೆ ಇಟ್ಟ ಹೆಸರು. ಹೆಚ್ಚು ಕೆಡುಕು ಮಾಡುವ ಕೊಬ್ಬಾದರೋ ಕರುಳು, ಲಿವರುಗಳ ಸುತ್ತ ಕಾಣದಂತೆ ಕೂರುತ್ತದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮದೇ ಫೋಟೊ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಇಬ್ಬರೂ ನಮ್ಮೂರಿನ ಲೆಕ್ಕದಲ್ಲಿ ಸಪೂರವೇ. ಆದರೆ ಮೈಯ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಕೈಕಾಲು ಸಪೂರ, ಹೊಟ್ಟೆಯೊಳಗೆ ದಾಸ್ತಾನು: ಇದು ನಮ್ಮ ಉಪಖಂಡದ ಮೈಕಟ್ಟು. ಹಾಗಾಗಿ ಮದುವೆ ಹಾಲಿನ ತಪಾಸಣೆಯಲ್ಲಿ ಪಾಸಾದವರೂ ನಿಶ್ಚಿಂತೆಯಿಂದ ಇರುವಂತಿಲ್ಲ, ಫೇಲಾದವರೆಲ್ಲ ರೋಗಿಗಳೂ ಅಲ್ಲ.

ಟೇಪು ಇದಕ್ಕಿಂತ ನ್ಯಾಯಸ್ಥ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಎಚ್ಚರಿಕೆಯ ಗೆರೆ. ಪ್ಯಾಂಟಿನ ಸೈಜನ್ನು ಸಾಕ್ಷಿಗೆ ಕರೆಯಬಾರದು. ಹೊಟ್ಟೆ ಬಂದ ಗಂಡಸರು ಬೆಲ್ಟನ್ನು ಹೊಟ್ಟೆಯ ಕೆಳಗೆ ಇಳಿಸಿ ಹತ್ತು ವರ್ಷದ ಹಿಂದಿನ ಸೈಜನ್ನೇ ಕಾಪಾಡಿಕೊಂಡು ಬಂದಿರುತ್ತಾರೆ.

ಬೊಜ್ಜು ಯಾವಾಗಲೂ ಜೊತೆಗೆ ಕರೆತರುವ ಕ್ರಿಯಾಪದ ‘ಕರಗು’. ಬೆಣ್ಣೆ ಕರಗಿದಂತೆ ಬೊಜ್ಜೂ ಕರಗುತ್ತದೆಂದು ನಂಬಿದವರಿಗಾಗಿಯೇ ಬೆವರಿಸುವ ಬೆಲ್ಟು, ಬಿಸಿನೀರಿಗೆ ನಿಂಬೆ, ಏಳು ದಿನದ ಪುಡಿಗಳ ವ್ಯಾಪಾರ. ಬೆವರಿನಿಂದ ಕರಗುವುದಾಗಿದ್ದರೆ ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಹೊಟ್ಟೆ ಎಂಬುದೇ ಇರುತ್ತಿರಲಿಲ್ಲ. ಕೊಬ್ಬು ಹೋಗುವುದು ಮುಖ್ಯವಾಗಿ ಉಸಿರಿನ ದಾರಿಯಲ್ಲಿ. 2014ರಲ್ಲಿ ಇಬ್ಬರು ಆಸ್ಟ್ರೇಲಿಯನ್ನರು ಲೆಕ್ಕ ಹಾಕಿ ತೋರಿಸಿದರು: 10 ಕಿಲೋ ಕೊಬ್ಬು ಪೂರ್ತಿ ಬಳಕೆಯಾದರೆ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಡುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಜೋರಾಗಿ ಉಸಿರು ಬಿಟ್ಟರೆ ಸಾಕು ಎಂದಲ್ಲ. ತಿಂದದ್ದಕ್ಕಿಂತ ಹೆಚ್ಚು ಖರ್ಚಾದಾಗಷ್ಟೇ ಮೈ ದಾಸ್ತಾನಿಗೆ ಕೈಹಾಕುತ್ತದೆ. ಎಲ್ಲಿಂದ ತೆಗೆಯಬೇಕು ಎಂಬುದೂ ಮೈಯ ಇಷ್ಟ. ನೂರು ಸಲ ಬಾಗಿ ಎದ್ದರೆ ಹೊಟ್ಟೆಯ ಸ್ನಾಯು ಗಟ್ಟಿಯಾದೀತು, ಮೇಲಿನ ಪದರ ಅಷ್ಟಕ್ಕೇ ಜಾಗ ಖಾಲಿ ಮಾಡದು.

ಖರ್ಚಿನ ದಾರಿಗಳು ರೋಚಕವಲ್ಲ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ. ಪಣಂಬೂರಿನ ಮರಳು, ಏರಿಳಿತದ ನಮ್ಮ ಗುಡ್ಡೆ ರಸ್ತೆಗಳು ಫೀಸು ಕೇಳುವುದಿಲ್ಲ. ಕುಚ್ಚಲಕ್ಕಿಯನ್ನು ಬಿಡಬೇಕಿಲ್ಲ, ಅನ್ನದ ಗುಡ್ಡೆ ತಗ್ಗಿಸಿ ಬಸಳೆ, ಅಲಸಂಡೆ, ಹೆಸರುಕಾಳಿಗೆ ಜಾಗ ಕೊಟ್ಟರಾಯಿತು. ಬೂತಾಯಿ ಫ್ರೈ ಆಗುವ ಬದಲು ಪುಳಿಮುಂಚಿಯಾಗಲಿ. ಸಂಜೆಯ ಗೋಳಿಬಜೆ, ಬನ್ಸು ದಿನಚರಿಯಿಂದ ಇಳಿದು ವಿಶೇಷದ ತಿಂಡಿಯಾಗಲಿ. ಬಾಟಲಿಯಲ್ಲಿ ಬರುವ ಕ್ಯಾಲೊರಿ, ಅದು ಸಿಹಿಯದಾಗಲಿ ಮದ್ಯದ್ದಾಗಲಿ, ಲೆಕ್ಕಕ್ಕೆ ಸೇರಲಿ. ನಿದ್ದೆಗೆಟ್ಟರೆ ಹಸಿವೂ ಹದ ತಪ್ಪುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ತೂಕದಲ್ಲಿ ಶೇ 5 ತಗ್ಗಿದರೂ ಸಕ್ಕರೆ, ರಕ್ತದೊತ್ತಡಗಳಿಗೆ ಅದು ತಿಳಿಯುತ್ತದೆ, ನೋಡುವವರಿಗೆ ತಿಳಿಯದಿದ್ದರೂ.

ಉಪವಾಸ ಬಿದ್ದು, ಉಂಡದ್ದನ್ನು ಬೇಕೆಂದೇ ವಾಂತಿ ಮಾಡಿ ತೆಳ್ಳಗಾಗಲು ಹೊರಟವರದು ಬೇರೆ ಕಥೆ. ಅಂಥವರಿಗೆ ಆಹಾರಪಟ್ಟಿಗಿಂತ ಮೊದಲು ಬೇಕಾದದ್ದು ಮನಸ್ಸಿನ ವೈದ್ಯರು. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪದವನ್ನು ನಿಷೇಧಿಸಬೇಕಾಗಿಲ್ಲ, ಬಳಕೆಯ ವ್ಯಾಕರಣ ತಿದ್ದಿದರೆ ಸಾಕು. ‘ನನಗೆ ಬೊಜ್ಜು ಬಂದಿದೆ, ಕಮ್ಮಿ ಮಾಡಬೇಕು’ ಎಂಬುದು ಉತ್ತಮ ಪುರುಷ, ಅದರಲ್ಲಿ ನಿರ್ಧಾರವಿದೆ. ‘ನಿಮಗೆ ಬೊಜ್ಜು ಬಂದಿದೆ’ ಎಂಬ ಮಧ್ಯಮ ಪುರುಷದ ಪ್ರಯೋಗ ಟೇಪು ಹಿಡಿದ ವೈದ್ಯರಿಗೆ ಮಾತ್ರ ಸಲ್ಲುತ್ತದೆ. ‘ಅವಳಿಗೆ ಬೊಜ್ಜು’ ಎಂಬ ಪ್ರಥಮ ಪುರುಷದ ವಾಕ್ಯ ಇವತ್ತಿನವರೆಗೆ ಯಾರ ಹೊಟ್ಟೆಯನ್ನೂ ಒಂದು ಸೆಂಟಿಮೀಟರ್ ಇಳಿಸಿದ್ದಿಲ್ಲ.