ನಮ್ಮ ಶಾಲೆಯ ಕಿಟಕಿಗಳ ಕತೆ

ಕಳೆದ ವರ್ಷ ಹಿರಿಯ ವಿದ್ಯಾರ್ಥಿಗಳ ಸಭೆಯಲ್ಲಿ ಹಳೆಯ ಕಟ್ಟಡದ ದುರಸ್ತಿಯ ಮಾತು ಬಂದಾಗ, ಮರದ ಕಿಟಕಿಗಳನ್ನೆಲ್ಲ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸೋಣ ಎಂದು ಮೊದಲು ಹೇಳಿದವನು ನಾನೇ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು ಕೆಲಸ ಮಾಡುವವನಿಗೆ ಬೇರೇನೂ ಹೊಳೆದಿರಲಿಲ್ಲ. ಕೊಟೇಶನ್ ಕೂಡ ತರಿಸಿದ್ದೆ. ಆಮೇಲೆ ಒಂದು ಭಾನುವಾರ ಟೇಪು ಹಿಡಿದುಕೊಂಡು ಬಂದು ನನ್ನ ಹತ್ತನೇ ತರಗತಿಯ ಕೋಣೆಯನ್ನು ಅಳೆದೆ. ಮನಸ್ಸು ಬದಲಾಯಿಸಿದ್ದು ಆ ಅಳತೆ.

ಕಿಟಕಿ ಎಂದರೆ ನಮಗೀಗ ಗಾಜು. ಆದರೆ ಚರಿತ್ರೆಯಲ್ಲಿ ಗಾಜು ಬಂದದ್ದು ಬಹಳ ತಡವಾಗಿ. ಹೆಸರುಗಳನ್ನೇ ನೋಡಿ. ನಮ್ಮ ಅಜ್ಜಿಯರು ಹೇಳುತ್ತಿದ್ದುದು ಬೆಳಕಿಂಡಿ, ಅಂದರೆ ಬೆಳಕಿನ ಕಿಂಡಿ. ಗವಾಕ್ಷ ಎಂದರೆ ಹಸುವಿನ ಕಣ್ಣು. ಇಂಗ್ಲಿಷಿನ ‘ವಿಂಡೋ’ ಹಳೆಯ ನಾರ್ಸ್ ಭಾಷೆಯ ‘ಗಾಳಿಯ ಕಣ್ಣು’ ಎಂಬ ಮಾತಿನಿಂದ ಬಂದದ್ದು. ಒಂದು ಹೆಸರಿನಲ್ಲಿ ಬೆಳಕಿದೆ, ಇನ್ನೊಂದರಲ್ಲಿ ಗಾಳಿಯಿದೆ. ಗಾಜು ಯಾವುದರಲ್ಲೂ ಇಲ್ಲ.

ಕಟ್ಟಡ ಮುಗಿದ ಮೇಲೆ ಕಿಟಕಿ ಬದಲಾಯಿಸುವ ಕೆಲಸವೂ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅದರ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಇಂದು ನಾವು ಕಾಣುವ ಕಲ್ಲಿನ ಜಾಲಂದ್ರಗಳನ್ನು ಕೂಡಿಸಿದ್ದು ಸುಮಾರು 50 ವರ್ಷಗಳ ನಂತರ, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲಕ್ಕೆ. ಎಂಟನೇ ತರಗತಿಯ ಪ್ರವಾಸದಲ್ಲಿ ನಾವೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆವು. ಅದೊಂದು ದುರಸ್ತಿ ಕೆಲಸ ಎಂದು ಆಗ ಗೊತ್ತಿರಲಿಲ್ಲ. ಕಂಬಗಳ ನಡುವೆ ಮುಚ್ಚಿದರೂ ಗಾಳಿ ನಿಲ್ಲಿಸಲಿಲ್ಲ, ಬೆಳಕನ್ನು ಸೋಸಿ ಒಳಗೆ ಬಿಟ್ಟರು.

ಗಾಜಿನ ಕತೆ ಬೇರೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಮನೆಯ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು. ತೆರಿಗೆ ತಪ್ಪಿಸಲು ಜನ ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿಬಿಟ್ಟರು! ಆ ತೆರಿಗೆ ಹೋದ ವರ್ಷವೇ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು. ಅದರ ಮಾದರಿಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಆದರೆ ಅಗ್ಗದ, ಅಲೆಯಿಲ್ಲದ ಗಾಜು ಬಂದದ್ದು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನವನ್ನು 1959ರಲ್ಲಿ ಪ್ರಕಟಿಸಿದ ಮೇಲೆ. ಅಂಥ ಕಾರ್ಖಾನೆ ನಮ್ಮ ದೇಶಕ್ಕೆ ಬರಲು 1990ರ ದಶಕವಾಯಿತು. ಮುಂಬೈ ಬಳಿಯ ತಲೋಜದಲ್ಲಿ ಒಂದು, 2000ದಲ್ಲಿ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಇನ್ನೊಂದು. ನಮ್ಮ ಶಾಲೆ ಕಟ್ಟುವಾಗ ಇದ್ಯಾವುದೂ ಇರಲಿಲ್ಲ. ಊರವರು ಕೊಟ್ಟ ಹೊನ್ನೆ, ಮತ್ತಿ ಮರದಲ್ಲೇ ಚೌಕಟ್ಟು, ಕದ, ನಡುವೆ ಕಬ್ಬಿಣದ ಸರಳು. ಗಾಜು ಇದ್ದದ್ದು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿಗೆ ಮಾತ್ರ.

ಈಗ ಅಳತೆಗೆ ಬರುತ್ತೇನೆ. ಕೋಣೆ 24 ಅಡಿ ಉದ್ದ, 20 ಅಡಿ ಅಗಲ, ಅಂದರೆ 480 ಚದರ ಅಡಿ. ನಾಲ್ಕು ಅಡಿ ಎತ್ತರ, ಮೂರು ಅಡಿ ಅಗಲದ ನಾಲ್ಕು ಕಿಟಕಿಗಳು. ಒಟ್ಟು 48 ಚದರ ಅಡಿ. ನೆಲದ ನೂರರಲ್ಲಿ ಹತ್ತು ಪಾಲು. ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಬೆಂಗಳೂರಿನಂಥ ಹವೆಗೆ 12.5, ಕರಾವಳಿಯಂಥ ಬಿಸಿ ತೇವದ ಹವೆಗೆ 16.66 ಪಾಲು ಕೇಳುತ್ತದೆ, ಹೊರಬಾಗಿಲನ್ನೂ ಲೆಕ್ಕಕ್ಕೆ ಹಿಡಿದು. ಅದು ಕೇಳುವುದು ತೆರೆಯುವ ಜಾಗವನ್ನು, ಗಾಜಿನ ಜಾಗವನ್ನಲ್ಲ. ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಕದ ಇನ್ನೊಂದರ ಹಿಂದೆ ಸರಿಯುವುದರಿಂದ ಅರ್ಧವೇ ತೆರೆಯುತ್ತದೆ. ಅಂದರೆ ನಾನು ಸಾವಿರಾರು ರೂಪಾಯಿ ಖರ್ಚು ಮಾಡಿಸಿ ಐವತ್ತು ಮಕ್ಕಳ ಗಾಳಿಯನ್ನು ಹತ್ತರಿಂದ ಐದಕ್ಕೆ ಇಳಿಸಲು ಹೊರಟಿದ್ದೆ. ಅದರ ಮೇಲೆ ಬಿಸಿಲು ಬಿದ್ದರೆ ಸಾದಾ ಗಾಜು ನೂರರಲ್ಲಿ ಎಂಬತ್ತು ಪಾಲು ಶಾಖವನ್ನು ಒಳಗೆ ಬಿಡುತ್ತದೆ. ನಮ್ಮ ಆಫೀಸಿನಲ್ಲಿ ಅದನ್ನು ಎಸಿ ಹೊರಹಾಕುತ್ತದೆ. ಇಲ್ಲಿ ಯಾರು ಹಾಕಬೇಕು?

ಹಾಗೆಂದು ಹಳೆಯದೆಲ್ಲ ಚೆನ್ನ ಎನ್ನಲಾರೆ. ಜುಲೈ ತಿಂಗಳ ಮಳೆಗೆ ಪಡುವಣ ಕಿಟಕಿ ಮುಚ್ಚಿದರೆ ಕೋಣೆ ಕತ್ತಲೆ. ಕರೆಂಟೂ ಇರುತ್ತಿರಲಿಲ್ಲ. ಗಣಿತದ ಮೇಷ್ಟ್ರು ಸುಣ್ಣಕಡ್ಡಿ ಕೆಳಗಿಟ್ಟು ಬಾಯಿಲೆಕ್ಕ ಕೇಳುತ್ತಿದ್ದರು. ನಮಗೆ ಖುಷಿಯೇ, ಆದರೆ ಹಿಂದಿನ ಬೆಂಚಿನ ಕಣ್ಣು ಮಂದವಿದ್ದ ಗೆಳೆಯನಿಗೆ ಆ ಮಳೆಗಾಲ ಪೂರ್ತಿ ಬೋರ್ಡು ಕಾಣಿಸಲಿಲ್ಲ. ಅವನು ಹತ್ತನೇ ತರಗತಿ ದಾಟಲಿಲ್ಲ. ಕಿಟಕಿಯೇ ಕಾರಣ ಎಂದು ಹೇಳುವುದು ತಪ್ಪಾದೀತು. ಆದರೆ ಕೋಣೆ ಅಳೆಯುವಾಗ ನೆನಪಾದವನು ಅವನೇ.

ಊರಿನ ಹಿರಿಯ ಬಡಗಿಯನ್ನು ಕರೆತಂದು ತೋರಿಸಿದೆ. ಅವರು ಚೌಕಟ್ಟುಗಳಿಗೆ ಉಳಿಯ ತುದಿ ಚುಚ್ಚುತ್ತಾ ಹೋದರು. ಮಳೆ ಸಿಡಿಯುವ ಕೆಳಗಿನ ಪಟ್ಟಿ ಮಾತ್ರ ಮೆದುವಾಗಿತ್ತು. “ಮೇಲೆಲ್ಲ ಕಲ್ಲು ಇದ್ದ ಹಾಗೆ ಉಂಟು. ಇಂಥ ಮರ ಈಗ ಎಲ್ಲಿ ಸಿಗ್ತದೆ ಮಾರಾಯ್ರೆ?” ಎಂದರು.

“ಹಾಗಾದ್ರೆ ಏನು ಮಾಡುವ ಆಚಾರ್ರೆ?”

“ಕೊಳೆತದ್ದಷ್ಟು ಕೊಯ್ದು ಬೇರೆ ತುಂಡು ಸೇರಿಸುವ. ಮನುಷ್ಯನಿಗೆ ಹಲ್ಲು ನೋವಾದ್ರೆ ತಲೆ ತೆಗೀತಾರಾ?”

ಸಮಿತಿ ಕೊನೆಗೆ ಒಪ್ಪಿದ್ದು ಇದನ್ನು. ಚೌಕಟ್ಟು, ಸರಳು, ಕದ ಉಳಿಯುತ್ತವೆ. ಪಡುವಣ ಕದಗಳ ಮೇಲಿನ ಅರ್ಧ ಹಲಗೆ ತೆಗೆದು ಐದು ಮಿಲಿಮೀಟರಿನ ಟಫನ್ಡ್ ಗಾಜು ಕೂರಿಸುತ್ತೇವೆ. ಚೆಂಡು ಬಡಿದು ಒಡೆದರೂ ಚೂಪಿಲ್ಲದ ಚೂರಾಗುತ್ತದೆ. ಒಮ್ಮೆ ಹದಮಾಡಿದ ಮೇಲೆ ಅದನ್ನು ಕತ್ತರಿಸಲಾಗದ ಕಾರಣ ಪ್ರತಿ ಕದವನ್ನೂ ಬೇರೆಬೇರೆಯಾಗಿ ಅಳೆದಿದ್ದೇವೆ, ಐವತ್ತು ವರ್ಷದಲ್ಲಿ ಒಂದೂ ಚೌಕವಾಗಿ ಉಳಿದಿಲ್ಲ. ಹೊಸ ಎರಡು ಕೋಣೆಗಳಿಗೆ ಅಲ್ಯೂಮಿನಿಯಂ ಇರಲಿ, ಆದರೆ ಬಿಜಾಗರಿಯ ಮೇಲೆ ಪೂರ್ತಿ ತೆರೆಯುವಂಥದು. ಬಾಗಿಲುಗಳ ಹೊಸ್ತಿಲು ಮಾತ್ರ ತೆಗೆಯುತ್ತಿದ್ದೇವೆ. ಗಾಲಿಕುರ್ಚಿಯ ಹುಡುಗಿಯೊಬ್ಬಳು ಈ ವರ್ಷ ಎಂಟಕ್ಕೆ ಸೇರಿದ್ದಾಳೆ. ಅದರ ಬಗ್ಗೆ ಚರ್ಚೆಯೇ ಬೇಕಾಗಲಿಲ್ಲ.

ಬೇಸಿಗೆ ರಜೆಯಲ್ಲಿ ಕೆಲಸ ಶುರು. ಕೆಳಪಟ್ಟಿಗಳಿಗೆ ಮೂರು ಅಡಿ ಉದ್ದದ ಒಣಗಿದ ಹೊನ್ನೆ ತುಂಡುಗಳು ಇನ್ನೂ ಆರು ಬೇಕು. ಹಳೆಯ ಮನೆ ಬಿಚ್ಚಿದವರ ಅಟ್ಟದಲ್ಲಿ ಇದ್ದರೆ ಶಾಲೆಗೆ ತಿಳಿಸಿ, ಆಚಾರ್ರು ಬಂದು ನೋಡುತ್ತಾರೆ.